ಗುಣವಾದವಳ ಮಾತು: ‘ಶರಪಂಜರ’ದ ಮರುಓದು

ತ್ರಿವೇಣಿಯವರ (1928–1963) ‘ಶರಪಂಜರ’ವನ್ನು ಬಾಣಂತಿಯೊಬ್ಬಳ ಹುಚ್ಚಿನ ಕಥೆ ಎನ್ನುವುದು ರೂಢಿ. ಆದರೆ ಕಾದಂಬರಿಯ ತೂಕವಿರುವುದು ಕಾಯಿಲೆಯ ಮೇಲಲ್ಲ, ಗುಣವಾದ ನಂತರದ ದಿನಗಳ ಮೇಲೆ. ಹೆರಿಗೆಯ ತರುವಾಯ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಮನೆಗೆ ಮರಳುತ್ತಾಳೆ. ವೈದ್ಯರು ಒಪ್ಪಿದ ಚೇತರಿಕೆಯನ್ನು ಮನೆ ಒಪ್ಪುವುದಿಲ್ಲ. ಅವಳ ನಗು, ಸಿಟ್ಟು, ಮೌನ ಎಲ್ಲವೂ ಹಳೆಯ ರೋಗದ ಕುರುಹಾಗಿಯೇ ಕಾಣುತ್ತವೆ. ಶೀರ್ಷಿಕೆಯ ಪಂಜರಕ್ಕೆ ಕಬ್ಬಿಣದ ಸರಳುಗಳಿಲ್ಲ. ಅಂಥ ನೋಟ, ಪಿಸುಮಾತುಗಳೇ ಅದರ ಬಾಣಗಳು.

ಹೆರಿಗೆಯ ನಂತರದ ಈ ತೀವ್ರ ಮನೋವ್ಯಾಧಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ದೆವ್ವದ ಕಾಟವಾಗಿಯೋ ಪಾಪದ ಫಲವಾಗಿಯೋ ಬರೆಯಲಿಲ್ಲ, ರೋಗವಾಗಿ ಬರೆದರು. ಆದರೆ ರೋಗವನ್ನು ಕ್ಷಮಿಸಬಲ್ಲ ಸಮಾಜ, ಆ ಹೊತ್ತಿನಲ್ಲಿ ಹೊರಬಿದ್ದ ಹೆಣ್ಣಿನ ಗತವನ್ನು ಕ್ಷಮಿಸುವುದಿಲ್ಲ. ಹೆಂಡತಿಯ ಹಿಂದಿನದನ್ನು ಮರೆಯಲಾರದ ಗಂಡ ತನ್ನ ಇಂದಿನ ಸಂಬಂಧಕ್ಕೆ ಯಾರಿಗೂ ಉತ್ತರ ಹೇಳಬೇಕಿಲ್ಲ. ಕೃತಿಯ ಸ್ತ್ರೀವಾದಿ ಒಳನೋಟವಿರುವುದು ಈ ಅಸಮತೆಯಲ್ಲಿ.

ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರ, ಕಲ್ಪನಾ ಅಭಿನಯದ ಬಲದಿಂದ, ಕಾವೇರಿಯನ್ನು ಓದು ಬಾರದವರಿಗೂ ಪರಿಚಯಿಸಿತು. ಮತ್ತೆ ಕುಸಿದ ಅವಳ ರೂಪವೇ ಪ್ರೇಕ್ಷಕರ ನೆನಪಿನಲ್ಲಿ ಉಳಿಯಿತು; ಕುಸಿಯುವ ಮುನ್ನ ಅವಳು ಆಡಿದ, ಯಾರೂ ನಂಬದ ಸ್ವಸ್ಥ ಮಾತುಗಳು ಅಷ್ಟಾಗಿ ಉಳಿಯಲಿಲ್ಲ.

ಆ ಮಾತುಗಳನ್ನು ದಿಂಡಿಗಲ್, ತೇಣಿ, ಕಂಬಂ ಕಣಿವೆಯ ಕನ್ನಡ ಮನೆಗಳ ಹಿನ್ನೆಲೆಯಲ್ಲಿಟ್ಟು ಓದಿದರೆ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. ಇಲ್ಲಿನ ಕಪ್ಪಿಲಿಯ, ಅನುಪ್ಪ ಸಮುದಾಯಗಳಲ್ಲಿ ಕನ್ನಡ ಮನೆಮಾತು. ಶಾಲೆ, ಕಚೇರಿ, ಆಸ್ಪತ್ರೆಗಳದ್ದು ತಮಿಳು. ತಮಿಳು ಚೆನ್ನಾಗಿ ಬಲ್ಲವಳೂ ಬಾಣಂತನದ ಅಂಜಿಕೆಯನ್ನು ಮೊದಲು ಹೇಳಿಕೊಳ್ಳುವುದು ಅವ್ವನ ಮಾತಿನಲ್ಲಿ. ಆ ಸಂಕಟವನ್ನು ವೈದ್ಯರ ಭಾಷೆಗೆ ದಾಟಿಸುವವರು ಮನೆಯವರೇ ಆದರೆ, ಅವಳನ್ನು ನಂಬುವ ಅಥವಾ ನಂಬದಿರುವ ಅಧಿಕಾರವೂ ಅವರದೇ ಆಗುತ್ತದೆ. ಕಾವೇರಿಗೆ ಭಾಷೆಯ ಕೊರತೆಯಿರಲಿಲ್ಲ. ಆದರೂ ಅವಳ ಮಾತು ಯಾರಿಗೂ ತಲುಪಲಿಲ್ಲ.

ಕಾದಂಬರಿಗೆ ಮಿತಿಯೂ ಇದೆ. ಮನೆಯನ್ನು ಅಷ್ಟು ನಿಖರವಾಗಿ ಆರೋಪಿಯಾಗಿ ನಿಲ್ಲಿಸುವ ತ್ರಿವೇಣಿ, ಅದರಾಚೆ ಕಾವೇರಿ ಬದುಕಬಹುದಾದ ಜಾಗವನ್ನು ಕಲ್ಪಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆನ್ನುತ್ತದೆ. ಆಸ್ಪತ್ರೆಯ ಬಾಗಿಲಿನೊಳಗೆ ಕಾನೂನು ಇಷ್ಟು ದೂರ ಬಂದಿದೆ. ಗುಣವಾಗಿ ಮರಳಿದವಳು ಕಾಲಿಡುವ ಹೊಸ್ತಿಲಿನ ಮೇಲೆ ‘ಶರಪಂಜರ’ದ ಪ್ರಶ್ನೆ ಇನ್ನೂ ನಿಂತಿದೆ.