ಥ್ರ್ಯಾಶ್ ಕೇಳುವವರು ಬಲಗೈಗೆ ಕಿವಿಗೊಡಿ

ಥ್ರ್ಯಾಶ್ ಮೆಟಲ್ ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಎಲ್ಲ ಹಾಡೂ ಒಂದೇ ಥರ ಇವೆ, ಹಾಡುವವನು ಬರೀ ಕಿರುಚುತ್ತಾನೆ. ಎರಡನೆಯ ಮಾತಿಗೆ ನನ್ನ ತಕರಾರಿಲ್ಲ. ಮೊದಲನೆಯದು ಮಾತ್ರ ಕಿವಿ ತಪ್ಪು ಜಾಗದಲ್ಲಿ ಇರುವುದರಿಂದ ಬಂದದ್ದು. ಸಿನಿಮಾ ಹಾಡು, ಭಾವಗೀತೆ ಕೇಳಿ ಬೆಳೆದ ನಮಗೆ ದನಿ ಮೊದಲು, ಸಾಹಿತ್ಯ ಆಮೇಲೆ, ವಾದ್ಯಗಳೆಲ್ಲ ಹಿಂದೆ. ಥ್ರ್ಯಾಶ್‌ನಲ್ಲಿ ಈ ಕ್ರಮ ತಲೆಕೆಳಗು. ಇಲ್ಲಿ ಹಾಡನ್ನು ಕಟ್ಟುವುದು ರಿದಂ ಗಿಟಾರ್ ನುಡಿಸುವವನ ಬಲಗೈ. ಕಿವಿಯನ್ನು ಅಲ್ಲಿಗೆ ಒಯ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಅಭ್ಯಾಸಕ್ಕೆ ಮೆಟಾಲಿಕಾ ತಂಡದ ಮೊದಲ ಆಲ್ಬಂ ‘ಕಿಲ್ ಎಮ್ ಆಲ್’ ತೆಗೆದುಕೊಳ್ಳೋಣ. ಇದು ಅವರ ಅತ್ಯುತ್ತಮ ಆಲ್ಬಂ ಅಲ್ಲ. ಡ್ರಮ್ಸ್ ತೆಳು, ದನಿ ಇನ್ನೂ ಹುಡುಗನದು, ಬೇಸ್ ಗಿಟಾರ್ ಎಷ್ಟೋ ಕಡೆ ಕೇಳಿಸುವುದೇ ಇಲ್ಲ. ಆದರೆ ಹೊಲಿಗೆಗಳೆಲ್ಲ ಹೊರಗೇ ಕಾಣುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಹಿನ್ನೆಲೆ ಇಷ್ಟು ಸಾಕು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಬಂದಿದ್ದ ಡ್ರಮ್ಮರ್ ಲಾರ್ಸ್ ಉಲ್ರಿಕ್ 1981ರಲ್ಲಿ ಲಾಸ್ ಏಂಜಲೀಸ್‌ನ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟ. ಅದನ್ನು ನೋಡಿ ಬಂದವನು ಗಾಯಕ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್. ಇಬ್ಬರ ತಲೆಯಲ್ಲೂ ತುಂಬಿದ್ದದ್ದು ಇಂಗ್ಲೆಂಡಿನ ಡೈಮಂಡ್ ಹೆಡ್, ಮೋಟರ್‌ಹೆಡ್‌ನಂಥ ತಂಡಗಳು. ಆ ಬಿರುಸಿಗೆ ಪಂಕ್‌ನ ಅವಸರ ಸೇರಿಸಿದರು. ಬೇಸ್ ನುಡಿಸುವ ಕ್ಲಿಫ್ ಬರ್ಟನ್ ಬೇಕೆಂದು ಊರನ್ನೇ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಹೋದರು. ಲಾಸ್ ಏಂಜಲೀಸ್‌ಗೆ ಬರಲು ಅವನು ಒಪ್ಪಿರಲಿಲ್ಲ. 1983ರ ಏಪ್ರಿಲ್‌ನಲ್ಲಿ, ರೆಕಾರ್ಡಿಂಗ್‌ಗೆ ತಿಂಗಳಷ್ಟೇ ಇರುವಾಗ, ಗಿಟಾರಿಸ್ಟ್ ಡೇವ್ ಮಸ್ಟೇನ್‌ನನ್ನು ಹೊರಹಾಕಿ ಎಕ್ಸೋಡಸ್ ತಂಡದ ಕರ್ಕ್ ಹ್ಯಾಮೆಟ್‌ನನ್ನು ಕರೆತಂದರು. ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ರೆಕಾರ್ಡಿಂಗ್ ನಡೆದು ಜುಲೈ 25ಕ್ಕೆ ಆಲ್ಬಂ ಹೊರಬಂತು. ಹತ್ತು ಹಾಡು, ಐವತ್ತೊಂದು ನಿಮಿಷ. ಹೆಟ್‌ಫೀಲ್ಡ್‌ಗೂ ಉಲ್ರಿಕ್‌ಗೂ ಆಗ ಹತ್ತೊಂಬತ್ತು ವರ್ಷ.

ಈಗ ‘ವಿಪ್‌ಲ್ಯಾಶ್’ ಹಾಕಿ. ದನಿ ಶುರುವಾಗುವ ಮೊದಲು ಗಿಟಾರ್ ಒಂದೇ ದಪ್ಪ ತಂತಿಯ ಮೇಲೆ ಗುರುಗುಟ್ಟುತ್ತದಲ್ಲ, ಅಲ್ಲಿ ಗಮನವಿಡಿ. ಬಲಗೈಯ ಅಂಗೈ ಅಂಚನ್ನು ತಂತಿಗಳು ಮುಗಿಯುವ ಕಡೆ ಬ್ರಿಡ್ಜ್‌ನ ಹತ್ತಿರ ಲಘುವಾಗಿ ಒತ್ತಿ, ಅದೇ ಕೈಯ ಬೆರಳಲ್ಲಿ ಹಿಡಿದ ಪಿಕ್‌ನಿಂದ ಹೊಡೆಯುತ್ತಾರೆ. ಮೃದಂಗದ ಮೇಲೆ ಕೈ ಒತ್ತಿ ಹಿಡಿದರೆ ನಾದ ತುಂಡಾಗುವ ಹಾಗೆ ಇಲ್ಲೂ ಸ್ವರ ಹರಡದೆ ಗಂಟಾಗಿ ಬೀಳುತ್ತದೆ. ಇದು ಪಾಮ್ ಮ್ಯೂಟಿಂಗ್. ಅಂಗೈ ಎತ್ತಿದ ಕೂಡಲೇ ಅದೇ ಗಿಟಾರ್ ಬಾಯಿ ಬಿಟ್ಟು ಅಬ್ಬರಿಸುತ್ತದೆ. ಒತ್ತಿದ್ದು, ಬಿಟ್ಟಿದ್ದು, ಮತ್ತೆ ಒತ್ತಿದ್ದು: ಥ್ರ್ಯಾಶ್‌ನ ಹೆಚ್ಚಿನ ರಿಫ್‌ಗಳ, ಅಂದರೆ ಮರಳಿ ಮರಳಿ ಬರುವ ಗಿಟಾರ್ ಸಾಲುಗಳ, ಲಯ ಹುಟ್ಟುವುದು ಇಷ್ಟರಲ್ಲೇ. ಆಲ್ಬಂನಲ್ಲಿ ರಿದಂ ಗಿಟಾರ್ ಹೆಟ್‌ಫೀಲ್ಡ್‌ನದೇ. ಪಿಕ್ಕನ್ನು ಮೇಲೆ-ಕೆಳಗೆ ಆಡಿಸುವ ಸುಲಭದ ದಾರಿ ಬಿಟ್ಟು, ಸಾಧ್ಯವಾದಲ್ಲೆಲ್ಲ ಪ್ರತಿ ಪೆಟ್ಟನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುವುದು ಅವನ ಹಟ. ಕೈ ನೋಯುತ್ತದೆ, ಆದರೆ ಎಲ್ಲ ಪೆಟ್ಟಿಗೂ ಒಂದೇ ತೂಕ ಬರುತ್ತದೆ. ವೇಗ ಯಾರಿಗಾದರೂ ದಕ್ಕೀತು. ಆ ತೂಕ ಉಳಿಸಿಕೊಂಡು ವೇಗವಾಗಿ ನುಡಿಸುವುದು ಕಷ್ಟ.

ಮುಂದೆ ‘ಸೀಕ್ ಅಂಡ್ ಡೆಸ್ಟ್ರಾಯ್’. ಹೊಸಬರು ಕಾಲು ಕುಣಿಸಲು ಇದೇ ಸುಲಭ. ಸುಮಾರು ಏಳು ನಿಮಿಷದ ಹಾಡು, ನಡೆ ಮಧ್ಯಮ. ನಡುವೆ ಸೋಲೊ ಬರುವ ಹೊತ್ತಿಗೆ ಡ್ರಮ್ಸ್ ಇದ್ದಕ್ಕಿದ್ದಂತೆ ಓಟ ಕೀಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನ ನಡೆಗೇ ಬಂದು ನಿಲ್ಲುತ್ತದೆ. ಆ ಎರಡು ತಿರುವುಗಳನ್ನು ಮುಂಚೆಯೇ ಊಹಿಸುವಷ್ಟು ಸಲ ಕೇಳಿ. ಎಲ್ಲವನ್ನೂ ಒಂದೇ ವೇಗದಲ್ಲಿ ಓಡಿಸುವ ತಂಡಗಳು ಥ್ರ್ಯಾಶ್‌ನಲ್ಲಿ ಬೇಕಾದಷ್ಟಿವೆ. ಹತ್ತು ನಿಮಿಷಕ್ಕೆ ಕಿವಿ ಮರಗಟ್ಟುತ್ತದೆ, ಅವರನ್ನು ಬಿಟ್ಟರೆ ನಷ್ಟವೇನಿಲ್ಲ.

ನನ್ನ ಪ್ರಕಾರ ಈ ಆಲ್ಬಂನ ನಿಜವಾದ ಪಾಠ ಇರುವುದು ‘ದ ಫೋರ್ ಹಾರ್ಸ್‌ಮೆನ್’ನಲ್ಲಿ. ಇದು ಮಸ್ಟೇನ್ ತಂದಿದ್ದ ‘ದ ಮೆಕ್ಯಾನಿಕ್ಸ್’ ಎಂಬ ಪೋಲಿ ಹಾಡಿನ ಮಾರುವೇಷ. ಸಾಹಿತ್ಯ ಬದಲಾಯಿತು, ವೇಗ ತಗ್ಗಿತು, ನಡುವೆ ನಿಧಾನವಾದ, ರಾಗದ ಕಡೆ ವಾಲುವ ಒಂದು ಭಾಗ ಬಂತು, ಹಾಡು ಏಳು ನಿಮಿಷಕ್ಕೆ ಬೆಳೆಯಿತು. ಹೊರಬಿದ್ದ ಮಸ್ಟೇನ್ ಸುಮ್ಮನಿರಲಿಲ್ಲ. ಮೆಗಾಡೆತ್ ಕಟ್ಟಿ, 1985ರ ತನ್ನ ಮೊದಲ ಆಲ್ಬಂನಲ್ಲಿ ಅದೇ ಹಾಡನ್ನು ‘ಮೆಕ್ಯಾನಿಕ್ಸ್’ ಎಂದು ನಾಲ್ಕೂವರೆ ನಿಮಿಷದೊಳಗೆ ಚಚ್ಚಿ ಮುಗಿಸಿದ. ಎರಡನ್ನೂ ಬೆನ್ನಿಗೆ ಬೆನ್ನು ಹಾಕಿ ಕೇಳಿ. ರಿಫ್ ಒಂದೇ, ಸ್ವಭಾವ ಎರಡು. ಮಸ್ಟೇನ್‌ನದು ಸೇಡಿನ ಓಟ. ಇವರದು ನಿಂತು, ನೋಡಿ, ಮತ್ತೆ ಹೊರಡುವ ನಡಿಗೆ. ವೇಗದಲ್ಲಿ ಮಸ್ಟೇನ್ ಗೆದ್ದ, ಹಾಡಾಗಿ ಉಳಿದದ್ದು ‘ಫೋರ್ ಹಾರ್ಸ್‌ಮೆನ್’. ಮೆಗಾಡೆತ್ ಅಭಿಮಾನಿಗಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದಂತೂ ಸತ್ಯ: ಈ ಆಲ್ಬಂನ ನಾಲ್ಕು ಹಾಡುಗಳ ರಚನೆಯಲ್ಲಿ ಹೊರಹಾಕಿಸಿಕೊಂಡವನ ಹೆಸರೂ ಇದೆ.

ಐದನೆಯದಾಗಿ ಬರುವುದು ಬರ್ಟನ್‌ನ ಬೇಸ್ ಸೋಲೊ ‘ಅನಸ್ತೀಸಿಯಾ’. ಇದು ಮೊದಲ ಟೇಕ್ ಎಂದು ಎಂಜಿನಿಯರ್ ಹೇಳುವ ದನಿಯೂ ಅದರಲ್ಲೇ ಉಳಿದಿದೆ. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್, ವಾ ಪೆಡಲ್ ಹಾಕಿದ ಈ ಬೇಸನ್ನು ಲೀಡ್ ಗಿಟಾರ್ ಎಂದೇ ತಿಳಿಯುವವರಿದ್ದಾರೆ. ಅರ್ಧ ದಾರಿಯಲ್ಲಿ ಡ್ರಮ್ಸ್ ಸೇರಿಕೊಳ್ಳುತ್ತದೆ. ಆಲ್ಬಂನ ಉಳಿದ ಕಡೆ ಮಸುಕಾಗಿರುವ ಮನುಷ್ಯ ಇಲ್ಲಿ ಒಬ್ಬನೇ ನಿಂತು, ಮುಂದಿನ ವರ್ಷ ಈ ತಂಡ ಎತ್ತ ಹೋಗಲಿದೆ ಎಂದು ಸುಳಿವು ಕೊಡುತ್ತಾನೆ.

ಹೋದದ್ದು ಕೋಪನ್‌ಹೇಗನ್‌ಗೆ. 1984ರ ಆರಂಭದಲ್ಲಿ ಅಲ್ಲಿನ ಸ್ವೀಟ್ ಸೈಲೆನ್ಸ್ ಸ್ಟುಡಿಯೊದಲ್ಲಿ ನಿರ್ಮಾಪಕ ಫ್ಲೆಮಿಂಗ್ ರಾಸ್ಮುಸೆನ್ ಜತೆ ‘ರೈಡ್ ದ ಲೈಟ್ನಿಂಗ್’ ರೆಕಾರ್ಡ್ ಮಾಡಿದರು. ಎರಡು ಆಲ್ಬಂಗಳ ಬಿಡುಗಡೆಯ ನಡುವೆ ಸರಿಯಾಗಿ ಒಂದು ವರ್ಷ, ಎರಡು ದಿನ. ಮೊದಲ ಹಾಡಿನ ಹೆಸರು ಬೆಂಕಿಯದು, ಶುರುವಾಗುವುದು ಮಾತ್ರ ಮೃದುವಾದ ಅಕೌಸ್ಟಿಕ್ ಗಿಟಾರ್‌ನಿಂದ. ಅದು ಇನ್ನೂ ಕಿವಿಯಲ್ಲಿರುವಾಗಲೇ ಹಿಂದಿನ ಆಲ್ಬಂನ ಯಾವ ಹಾಡಿಗೂ ಕಡಿಮೆಯಿಲ್ಲದ ರಭಸ ಬಂದು ಬಡಿಯುತ್ತದೆ. ಬರ್ಟನ್ ಸಂಗೀತಶಾಸ್ತ್ರ ಕಲಿತವನು. ಸ್ವರಮೇಳ, ಒಂದರ ಮೇಲೊಂದು ಗಿಟಾರ್ ಸಾಲುಗಳನ್ನು ಜೋಡಿಸುವ ಬಗೆ ತಂಡಕ್ಕೆ ಹತ್ತಿದ್ದು ಅವನಿಂದ. ‘ಫಾರ್ ಹೂಮ್ ದ ಬೆಲ್ ಟೋಲ್ಸ್’ನಲ್ಲಿ ಗಂಟೆ ಬಾರಿಸಿದ ಮೇಲೆ ಸುತ್ತಿ ಇಳಿಯುವ ಆ ಕರ್ಕಶ ಸಾಲು ಗಿಟಾರ್‌ನದಲ್ಲ, ಅವನ ಬೇಸ್‌ನದು. ‘ಫೇಡ್ ಟು ಬ್ಲ್ಯಾಕ್’ ಅಕೌಸ್ಟಿಕ್‌ನಲ್ಲಿ ತೊಡಗಿದಾಗ ಹಳೆಯ ಅಭಿಮಾನಿಗಳಲ್ಲಿ ಕೆಲವರು ಇವರು ಕೆಟ್ಟರು, ಮಾರಿಕೊಂಡರು ಎಂದು ಬೈದರು. ಆ ಹಾಡಿನ ಕೊನೆಯ ಎರಡು ನಿಮಿಷ ಪೂರ್ತಿ ಕೇಳಿದ್ದರೆ ಬೈಗುಳ ನುಂಗಿಕೊಳ್ಳುತ್ತಿದ್ದರೇನೋ. ಕಡೆಯ ‘ದ ಕಾಲ್ ಆಫ್ ಕ್ತುಲು’ ಒಂಬತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ, ಹಾಡುವವನೇ ಇಲ್ಲ. ದನಿಯ ಮೇಲೆ ಮುನಿಸಿರುವವರು ಇದರಿಂದಲೇ ಶುರು ಮಾಡಬಹುದು.

ಬದಲಾದದ್ದು ವೇಗವಲ್ಲ. ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಕಾಯಿಸಬೇಕು ಎನ್ನುವ ಅಂದಾಜು ಬಂತು. ಅದರ ಮೊದಲ ಮೊಳಕೆ ‘ಫೋರ್ ಹಾರ್ಸ್‌ಮೆನ್’ನ ಆ ನಡುವಿನ ಭಾಗದಲ್ಲೇ ಇತ್ತು.

ಕೇಳುವ ಕ್ರಮದ ಬಗ್ಗೆ ಒಂದೆರಡು ಮಾತು. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಸತ್ತೇ ಹೋಗುತ್ತದೆ. ಹೆಡ್‌ಫೋನ್ ಇರಲಿ, ವಾಲ್ಯೂಮ್ ಮಿತಿಯಲ್ಲಿರಲಿ, ಮೆಟಲ್ ಎಂದರೆ ಕಿವಿ ಕಳೆದುಕೊಳ್ಳಬೇಕೆಂದಿಲ್ಲ. ಒಮ್ಮೆ ಬರೀ ರಿದಂ ಗಿಟಾರ್ ಹಿಂದೆ ಹೋಗಿ, ಇನ್ನೊಮ್ಮೆ ಬರೀ ಡ್ರಮ್ಸ್ ಹಿಂದೆ. ಸಾಹಿತ್ಯವನ್ನು ಕೊನೆಗಿಡಿ, ಮೊದಲ ಆಲ್ಬಂನಲ್ಲಿ ಅದು ಹುಡುಗರ ಹುಮ್ಮಸ್ಸು, ಅಷ್ಟೇ. ಸಾಧ್ಯವಾದರೆ ನೇರ ಕೇಳಿ: ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೇ ನುಡಿಸಿ ಹೋಗಿದೆ, ಮತ್ತೆ ಬಂದಾಗ ನೋಡೋಣ. ಅಲ್ಲಿಯವರೆಗೆ ನಮ್ಮೂರಿನ ಕ್ರಿಪ್ಟೋಸ್ ಇದೆ. 1998ರಿಂದ ಹಳೇ ಶೈಲಿಯ ಮೆಟಲ್ ಬಿಡದೆ ನುಡಿಸುತ್ತಿರುವ ತಂಡ.

ತಿಳಿದವರು ಯಾರನ್ನೇ ಕೇಳಿದರೂ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಕೇಳಿ ಎಂದೇ ಹೇಳುತ್ತಾರೆ. ಅದು ಮೇಲಿನದೇ, ವಾದವಿಲ್ಲ. ಆದರೂ ಅದನ್ನು ಮೂರನೆಯದಾಗಿಯೇ ಕೇಳಿ.