ಟುಟು: ಒಂದು ಆಹಾರ್ಯದ ವಿಮರ್ಶೆ

ಭರತಮುನಿಯು ಹೇಳಿದ ಚತುರ್ವಿಧಾಭಿನಯಗಳಲ್ಲಿ ಆಹಾರ್ಯಕ್ಕೆ ವಿಮರ್ಶಕರಿಂದ ಸಲ್ಲುವ ಆದರವು ಯಾವಾಗಲೂ ಕಡಮೆ. ಆಂಗಿಕ, ವಾಚಿಕ, ಸಾತ್ತ್ವಿಕಗಳನ್ನು ಕುರಿತು ಪುಟಗಟ್ಟಲೆ ಬರೆಯುವವರೂ ವೇಷಭೂಷಣವನ್ನು ದರ್ಜಿಯ ವಿಷಯವೆಂದು ಬಿಟ್ಟುಬಿಡುವರು. ಆದರೆ ಒಂದು ಉಡುಪೇ ಒಂದು ನೃತ್ಯಪದ್ಧತಿಯ ಸ್ವರೂಪವನ್ನು ನಿರ್ಣಯಿಸಿದ ಉದಾಹರಣೆ ಯೂರೋಪಿನ ರಂಗಭೂಮಿಯಲ್ಲಿ ಉಂಟು. ಬ್ಯಾಲೆ ಎಂಬ ನೃತ್ಯರೂಪಕದಲ್ಲಿ ನರ್ತಕಿಯು ಧರಿಸುವ, ತೆಳುವಾದ ಬಟ್ಟೆಯ ಹಲವು ಪದರಗಳುಳ್ಳ ಲಂಗವೇ ಅದು. ಅದರ ಹೆಸರು ಟುಟು. ಚಿತ್ರಗಳಲ್ಲಿ ಅದನ್ನು ಕಂಡವರಲ್ಲಿ ಕೆಲವರು ನಿರ್ಲಜ್ಜವೆಂದು ಮುಖ ತಿರುಗಿಸುವರು. ಕೆಲವರು ಚಿಕ್ಕ ಹೆಣ್ಣುಮಕ್ಕಳಿಗೆ ಒಪ್ಪುವ ಅಲಂಕಾರವೆಂದು ಮೆಚ್ಚುವರು. ಆ ಉಡುಪು ಯಾವ ಕಾರ್ಯಕ್ಕಾಗಿ ಹುಟ್ಟಿತೆಂಬುದನ್ನು ಇವರೂ ವಿಚಾರಿಸಿದವರಲ್ಲ, ಅವರೂ ಅಲ್ಲ.

ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯು 1661ರಲ್ಲಿ ನೃತ್ಯಕ್ಕೆಂದು ಒಂದು ವಿದ್ವತ್ಸಭೆಯನ್ನು ಸ್ಥಾಪಿಸಿದನು. ಆದರೂ ಪ್ಯಾರಿಸಿನ ಆಪೆರಾ ರಂಗದಲ್ಲಿ 1681ರವರೆಗೆ ವೃತ್ತಿನರ್ತಕಿಯರೇ ಇರಲಿಲ್ಲ. ಸ್ತ್ರೀಪಾತ್ರಗಳನ್ನು ಪುರುಷರೇ ಧರಿಸುತ್ತಿದ್ದರು. ಅನಂತರ ಬಂದ ನರ್ತಕಿಯರೂ ಆಸ್ಥಾನದ ಉಡುಪಿನ ಸೆರೆಯಾಳುಗಳೇ ಆಗಿದ್ದರು. ನೆಲವನ್ನು ಗುಡಿಸುವಂತಹ ಲಂಗ, ಜರತಾರಿಯ ಭಾರ, ಹಿಮ್ಮಡಿಯೆತ್ತರದ ಪಾದರಕ್ಷೆ. 1726ರಲ್ಲಿ ಆಪೆರಾ ರಂಗವನ್ನು ಪ್ರವೇಶಿಸಿದ ಮರೀ ಕಮಾರ್ಗೋ ಎಂಬವಳು ನೆಗೆದು ಗಾಳಿಯಲ್ಲಿ ಪಾದಗಳನ್ನು ಒಂದಕ್ಕೊಂದು ತಾಕಿಸುವ ಕೌಶಲದಲ್ಲಿ ಪುರುಷರನ್ನು ಸರಿಗಟ್ಟಿದವಳು. ಆ ಕೌಶಲವು ಕಾಣಲೆಂದು ಲಂಗವನ್ನು ಕೆಲವು ಅಂಗುಲ ಮೊಟಕು ಮಾಡಿದಳು. ಅವಳ ಪ್ರತಿಸ್ಪರ್ಧಿಯಾದ ಮರೀ ಸಾಲೆಯು 1734ರಲ್ಲಿ ಲಂಡನ್ನಿನಲ್ಲಿ ಭಾರದ ಉಡುಪನ್ನೆಲ್ಲ ಕಿತ್ತೊಗೆದು, ಕೂದಲನ್ನು ಇಳಿಬಿಟ್ಟು, ಸಾದಾ ಮಸ್ಲಿನ್ ಬಟ್ಟೆಯಲ್ಲಿ ಅಭಿನಯಿಸಿದಳು. ಒಬ್ಬಳಿಗೆ ಪಾದದ ಚಮತ್ಕಾರ ಮುಖ್ಯ, ಇನ್ನೊಬ್ಬಳಿಗೆ ಭಾವ. ಟುಟುವಿನ ಮುಂದಿನ ಚರಿತ್ರೆಯೆಲ್ಲ ಈ ಇಬ್ಬರು ಸವತಿಯರ ಜಗಳವೆಂದರೂ ತಪ್ಪಾಗದು.

ಆ ಉಡುಪಿನ ಜನ್ಮದಿನವೆಂದು 1832ನೆಯ ಇಸವಿ ಮಾರ್ಚಿ 12ನ್ನು ಹೇಳುವ ವಾಡಿಕೆಯುಂಟು. ಅಂದು ಪ್ಯಾರಿಸಿನ ಆಪೆರಾದಲ್ಲಿ ಫಿಲಿಪ್ಪೋ ತಾಲ್ಯೋನಿಯು ಸಂಯೋಜಿಸಿದ ‘ಲಾ ಸಿಲ್ಫೀದ್’ ಎಂಬ ಬ್ಯಾಲೆಯು ಮೊದಲ ಬಾರಿಗೆ ರಂಗವನ್ನೇರಿತು. ನಾಯಿಕೆ ಅವನ ಮಗಳು ಮರೀ. ಕಥೆ ಸರಳವಾದುದು. ಸ್ಕಾಟ್ಲೆಂಡಿನ ಜೇಮ್ಸ್ ಎಂಬ ತರುಣನು ಮದುವೆಯ ದಿನವೇ ವಧುವನ್ನು ತೊರೆದು ವಾಯುಲೋಕದ ಅಪ್ಸರೆಯೊಬ್ಬಳ ಬೆನ್ನುಹತ್ತುವನು. ಅವಳನ್ನು ಹಿಡಿದಿಡಬೇಕೆಂದು, ಮಾಟಗಾತಿಯೊಬ್ಬಳು ಕೊಟ್ಟ ಮೇಲುವಸ್ತ್ರವನ್ನು ಹೊದಿಸುವನು. ಹೊದಿಸಿದೊಡನೆ ರೆಕ್ಕೆಗಳು ಕಳಚಿಬಿದ್ದು ಅವಳು ಸಾಯುವಳು.

ಈ ಪಾತ್ರಕ್ಕೆ ಉಡುಪನ್ನು ಕಲ್ಪಿಸಿದವನು ಚಿತ್ರಕಾರನಾದ ಎಜೇನ್ ಲಾಮಿ ಎಂದು ಪ್ರತೀತಿ. ಬಿಗಿಯಾದ ಕಂಚುಕ, ತೆರೆದ ಭುಜಗಳು, ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಘಂಟೆಯಂತೆ ಇಳಿದ ಬಿಳಿಯ ಲಂಗ, ಬೆನ್ನಿಗೆ ಎರಡು ಪುಟ್ಟ ರೆಕ್ಕೆ, ಇಷ್ಟೆ. ಮರೀ ತಾಲ್ಯೋನಿಯು ಅಂತಹ ರೂಪವತಿಯೇನೂ ಅಲ್ಲ. ತಂದೆಯು ಅವಳನ್ನು ವಿಯನ್ನಾ ನಗರದಲ್ಲಿ ದಿನಕ್ಕೆ ಆರು ಗಂಟೆಗಳ ಕಾಲ ದುಡಿಸಿ, ಕಾಲ್ಬೆರಳುಗಳ ತುದಿಯಮೇಲೆ ನಿಲ್ಲುವುದನ್ನೂ ಸದ್ದಿಲ್ಲದೆ ನೆಲಕ್ಕಿಳಿಯುವುದನ್ನೂ ಕಲಿಸಿದ್ದನು. ದಮಯಂತಿಯ ಸ್ವಯಂವರದ ಕಥೆಯನ್ನು ಬಲ್ಲವರಿಗೆ ಈ ಸಾಧನೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ನಳನ ರೂಪದಲ್ಲಿ ಕುಳಿತ ದೇವತೆಗಳ ಪಾದಗಳು ಭೂಮಿಯನ್ನು ಮುಟ್ಟಿರಲಿಲ್ಲ. ಮುಟ್ಟಿದವನೇ ಮನುಷ್ಯನೆಂದು ಅವಳು ಗುರುತಿಸಿದಳು. ಭೂಸ್ಪರ್ಶವಿಲ್ಲದಿರುವುದು ದೇವತ್ವದ ಲಕ್ಷಣ. ಆ ಲಕ್ಷಣವನ್ನು ಮಾನುಷ ದೇಹದಲ್ಲಿ ಆರೋಪಿಸುವುದೇ ಬಿಳಿಯ ಲಂಗದ ಕೆಲಸ. ದೇಹವು ಇಳಿದ ಮೇಲೂ ಬಟ್ಟೆಯು ಒಂದು ಕ್ಷಣ ಮೇಲೆಯೇ ನಿಲ್ಲುತ್ತದೆ. ಆ ಒಂದು ಕ್ಷಣದಲ್ಲಿ ಪ್ರೇಕ್ಷಕನು ಭಾರವನ್ನು ಮರೆಯುತ್ತಾನೆ. ಇಲ್ಲಿ ವಸ್ತ್ರವು ಅಂಗವನ್ನು ಮುಚ್ಚುವುದಕ್ಕೂ ಅಲ್ಲ, ತೋರುವುದಕ್ಕೂ ಅಲ್ಲ, ಇಲ್ಲದಿರುವುದೊಂದನ್ನು ಸೂಚಿಸುವುದಕ್ಕೆ. ಆನಂದವರ್ಧನನು ಕಾವ್ಯದಲ್ಲಿ ಧ್ವನಿಯೆಂದು ಕರೆದುದಕ್ಕೆ ಇದಕ್ಕಿಂತ ಹತ್ತಿರವಾದ ವೇಷವು ಇನ್ನೊಂದು ದೊರೆಯುವುದು ಕಷ್ಟ.

ಈ ಮಾಯೆಗೆ ಯಂತ್ರಗಳ ಸಹಾಯವೂ ಇದ್ದಿತು. ಆಪೆರಾದಲ್ಲಿ 1822ರಿಂದ ಗ್ಯಾಸಿನ ದೀಪಗಳು ಬಂದಿದ್ದವು. ಬೆಳಕನ್ನು ತಗ್ಗಿಸಿ ಬೆಳುದಿಂಗಳನ್ನು ತೋರಿಸುವುದು ಸಾಧ್ಯವಾಗಿದ್ದಿತು. ಇಂಗ್ಲೆಂಡಿನ ಜಾನ್ ಹೀತ್‌ಕೋಟನು 1809ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಿಂದ, ಕೈಯಿಂದ ಹೆಣೆಯುತ್ತಿದ್ದ ಬಲೆಬಟ್ಟೆಯು ಗಜಗಟ್ಟಲೆ ಅಗ್ಗವಾಗಿ ಸಿಕ್ಕತೊಡಗಿತು. ಫ್ರಾನ್ಸಿನ ಟ್ಯೂಲ್ ಎಂಬ ಊರಿನ ಹೆಸರೇ ಆ ಬಟ್ಟೆಗೆ ನಿಂತಿತು. ಹತ್ತಿಯ ತೆಳುಬಟ್ಟೆ, ಪದರದ ನಡುವೆ ಗಾಳಿ, ಪಕ್ಕದಲ್ಲಿ ತೆರೆದ ಜ್ವಾಲೆ: ಇವು ಮೂರೂ ಒಂದೆಡೆ ಸೇರಿದರೆ ಏನಾಗಬಹುದೆಂಬುದನ್ನು ಅಡಿಗೆಮನೆಯ ಯಾವ ಗೃಹಿಣಿಯಾದರೂ ಹೇಳಬಲ್ಲಳು.

ಆಗಬಾರದುದು ಆಯಿತು. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯು ಪ್ರೇಕ್ಷಕರ ಎದುರಿಗೇ ಬೆಂಕಿ ತಗುಲಿ, ಕೆಲವು ದಿನಗಳಲ್ಲಿ ಸತ್ತಳು. ಫ್ರಾನ್ಸಿನಲ್ಲಿ 1859ರಲ್ಲಿ, ರಂಗದ ಬಟ್ಟೆಗಳನ್ನು ಬೆಂಕಿ ಹತ್ತದಂತೆ ರಾಸಾಯನಿಕ ದ್ರವದಲ್ಲಿ ಅದ್ದಬೇಕೆಂದು ಶಾಸನವಾಯಿತು. ಅದ್ದಿದ ಬಟ್ಟೆಯು ಬಿರುಸಾಗಿ ಮಾಸಿದಂತೆ ಕಾಣುತ್ತಿದ್ದಿತು. ಎಮ್ಮಾ ಲಿವ್ರಿಯು ಅದನ್ನು ತೊಡಲು ಒಪ್ಪಲಿಲ್ಲ. ಹೊಣೆ ತನ್ನದೇ ಎಂದು ಬರೆದುಕೊಟ್ಟಳು. ಈಕೆ ವೃದ್ಧಾಪ್ಯದಲ್ಲಿದ್ದ ತಾಲ್ಯೋನಿಯ ಪ್ರಿಯಶಿಷ್ಯೆ. ಇವಳಿಗಾಗಿಯೇ ತಾಲ್ಯೋನಿಯು 1860ರಲ್ಲಿ ‘ಲ ಪಾಪಿಯೋಂ’ ಎಂಬ ಬ್ಯಾಲೆಯನ್ನು ಸಂಯೋಜಿಸಿದ್ದಳು. ಅದರಲ್ಲಿ ಚಿಟ್ಟೆಯಾದ ನಾಯಿಕೆಯು ದೀವಟಿಗೆಗೆ ಮರುಳಾಗಿ ರೆಕ್ಕೆ ಸುಟ್ಟುಕೊಳ್ಳುವಳು. 1862ರ ನವೆಂಬರ್ 15ರಂದು ಇನ್ನೊಂದು ನಾಟಕದ ಅಭ್ಯಾಸದಲ್ಲಿದ್ದಾಗ ಲಿವ್ರಿಯ ಲಂಗವು ಗ್ಯಾಸಿನ ದೀಪಕ್ಕೆ ತಗುಲಿತು. ಎಂಟು ತಿಂಗಳು ಯಾತನೆಪಟ್ಟು 1863ರ ಜುಲೈ 26ರಂದು ತೀರಿಕೊಂಡಳು. ವಯಸ್ಸು ಇಪ್ಪತ್ತು.

ಆ ಹುಡುಗಿಯ ಹಟವನ್ನು ಅವಿವೇಕವೆಂದು ಸುಲಭವಾಗಿ ಹೇಳಬಹುದು. ಆದರೆ ಬಿರುಸಾದ ಬಟ್ಟೆಯು ಗಾಳಿಯಲ್ಲಿ ತಡೆಯುವುದಿಲ್ಲ. ತಡೆಯದಿದ್ದರೆ ಅಪ್ಸರೆಯಿಲ್ಲ, ಲಂಗ ತೊಟ್ಟ ಹೆಣ್ಣೊಬ್ಬಳು ಮಾತ್ರ. ಯಾವ ಗುಣಕ್ಕಾಗಿ ಊರೆಲ್ಲ ಅವಳನ್ನು ಕೊಂಡಾಡಿತೋ ಅದನ್ನೇ ಬಿಡೆಂದು ಶಾಸನವು ಹೇಳಿತು. ತಪ್ಪು ಯಾರದೆಂದು ಕೇಳುವುದಾದರೆ, ದೀಪವನ್ನು ಮರೆಮಾಡದೆ ಬಟ್ಟೆಯನ್ನೇ ಅದ್ದಹೊರಟ ವ್ಯವಸ್ಥಾಪಕರನ್ನು ಮೊದಲು ಕೇಳಬೇಕು.

ಲಂಗವು ಮೊಣಕಾಲಿನಿಂದ ಮೇಲೇರಿದ ವೃತ್ತಾಂತವು ಇಷ್ಟು ರೋಚಕವಲ್ಲ. ಇಟಲಿಯ ನರ್ತಕಿಯರು ಭ್ರಮರಿಗಳನ್ನೂ ತುದಿಗಾಲಿನ ಸಾಹಸಗಳನ್ನೂ ಬೆಳೆಸಿದಂತೆಲ್ಲ ಕಾಲುಗಳು ಕಾಣಬೇಕಾದವು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ ವಿರ್ಜೀನಿಯಾ ಜೂಕಿಯು ಅಲ್ಲಿಯ ನಿಯಮವನ್ನು ಲೆಕ್ಕಿಸದೆ ತುಂಡು ಲಂಗವನ್ನೇ ತೊಟ್ಟಳು. ಇಪ್ಪತ್ತನೆಯ ಶತಮಾನದಲ್ಲಿ ಅದು ಹತ್ತು ಹನ್ನೆರಡು ಪದರಗಳ, ಒಳಗೆ ತಂತಿಯ ಬಳೆಯಿಟ್ಟ, ಸೊಂಟದ ಸುತ್ತ ತಟ್ಟೆಯಂತೆ ಅಡ್ಡಲಾಗಿ ನಿಲ್ಲುವ ಆಕಾರವನ್ನು ಪಡೆಯಿತು. ಟುಟು ಎಂಬ ಹೆಸರು ಫ್ರೆಂಚ್ ಮಕ್ಕಳು ದೇಹದ ಹಿಂಭಾಗಕ್ಕೆ ಹೇಳುವ ಮಾತಿನಿಂದ ಬಂದುದೆಂದು ನಿಘಂಟುಕಾರರ ಮತ. ಶಬ್ದವ್ಯುತ್ಪತ್ತಿಯಲ್ಲಿ ಸದಾ ಗಾಂಭೀರ್ಯವನ್ನು ಹುಡುಕುವವರಿಗೆ ಇದೊಂದು ಪಾಠ. ತಟ್ಟೆಯಾಕಾರದಲ್ಲಿ ಕಮಾರ್ಗೋ ಗೆದ್ದಳು. ಅಲ್ಲಿ ಕಾಲಿನ ರೇಖೆ ಸ್ಪಷ್ಟ, ಎಲ್ಲವೂ ವಾಚ್ಯ. ಬೆರಗುಂಟು, ಆದರೆ ಉದ್ದನೆಯ ಲಂಗದ ವ್ಯಂಗ್ಯವು ಅದಕ್ಕಿಲ್ಲ.

ಇನ್ನು ಔಚಿತ್ಯದ ವಿಚಾರ. ಸ್ಥಾನ ತಪ್ಪಿದ ಭೂಷಣವು ನಗೆಗೀಡೆಂಬುದು ಕ್ಷೇಮೇಂದ್ರನ ಮತ. 1838ರಲ್ಲಿ ಪುದುಚೇರಿಯ ಕಡೆಯ ದೇವದಾಸಿಯರ ಒಂದು ತಂಡವು ಪ್ಯಾರಿಸಿಗೆ ಹೋಗಿ ಕುಣಿಯಿತು. ಕವಿ ತೆಯೊಫೀಲ್ ಗೊತಿಯೇ ಅವರನ್ನು ಕಂಡು ಮೋಹಗೊಂಡನು. ಇಪ್ಪತ್ತು ವರ್ಷಗಳ ಮೇಲೆ, 1858ರಲ್ಲಿ, ಅವನ ಕಥಾಸಂವಿಧಾನದಿಂದ ಕಾಳಿದಾಸನ ಶಕುಂತಲೆಯೂ ಆಪೆರಾದಲ್ಲಿ ಬ್ಯಾಲೆಯಾದಳು. ವಲ್ಕಲದ ಬಿಗಿಯನ್ನು ಸಡಿಲಿಸೆಂದು ಸಖಿಯನ್ನು ಕೇಳುವ ಕಣ್ವಾಶ್ರಮದ ಬಾಲೆಗೂ ಬಿಗಿ ಕಂಚುಕದ ಆ ಲೋಕಕ್ಕೂ ಎಷ್ಟು ದೂರವೆಂಬುದನ್ನು ವಾಚಕರೇ ಊಹಿಸಬಹುದು. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮರಿಯುಸ್ ಪೆತಿಪಾ ಸಂಯೋಜಿಸಿದ ‘ಲಾ ಬಯದೇರ್’ನಲ್ಲಿಯೂ ನಾಯಿಕೆಯು ಭಾರತದ ದೇವದಾಸಿಯೇ. ಅದರಲ್ಲಿರುವ ಭಾರತವು ಹೆಸರಿಗೆ ಮಾತ್ರ. ಆದರೆ ಮೃತಳಾದ ಪ್ರಿಯೆಯನ್ನು ನಾಯಕನು ಅಫೀಮಿನ ಮತ್ತಿನಲ್ಲಿ ಛಾಯಾಲೋಕದಲ್ಲಿ ಕಾಣುವ ಅಂಕವೊಂದುಂಟು. ಬಿಳಿಯ ಟುಟುಗಳನ್ನು ತೊಟ್ಟ ಹತ್ತಾರು ನರ್ತಕಿಯರು ಇಳಿಜಾರಿನಲ್ಲಿ ಒಬ್ಬರ ಹಿಂದೊಬ್ಬರು ಒಂದೇ ಭಂಗಿಯನ್ನು ಮತ್ತೆ ಮತ್ತೆ ಹಿಡಿಯುತ್ತ ಇಳಿದು ಬರುವರು. ಪ್ರೇತಗಳಿಗೆ ದೇಶಭಾಷೆಗಳಿಲ್ಲ, ಅಲ್ಲಿ ಆ ವೇಷವೇ ಉಚಿತ. ದೇವದಾಸಿಯ ಮೈಮೇಲೆ ಅಸಂಬದ್ಧವಾದುದು ಅವಳ ನೆರಳಿನ ಮೇಲೆ ರಸವಾಯಿತು.

ದೇಶಕಾಲಗಳನ್ನು ನೋಡದೆ ಎಲ್ಲ ಪಾತ್ರಗಳಿಗೂ ಒಂದೇ ಲಂಗವನ್ನು ತೊಡಿಸುವ ಜಾಡ್ಯವನ್ನು ರಷ್ಯದ ಮಿಖಾಯಿಲ್ ಫೋಕಿನನು 1914ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಖಂಡಿಸಿದನು. ಆದರೂ ಅವನೇ ಅನ್ನಾ ಪಾವ್ಲೋವಾಳಿಗೆ ಸಂಯೋಜಿಸಿದ ‘ಸಾಯುತ್ತಿರುವ ಹಂಸ’ದಲ್ಲಿ ಟುಟುವನ್ನು ಬಿಡಲಿಲ್ಲ, ಅಲ್ಲಿ ಅದು ಹಂಸದ ಗರಿಯೇ ಆಗಿತ್ತು. ಆ ಪಾವ್ಲೋವಾಳು ಭಾರತಕ್ಕೂ ಬಂದಿದ್ದವಳು. 1928ರಲ್ಲಿ ಮುಂಬಯಿಯಲ್ಲಿ ಅವಳ ನೃತ್ಯವನ್ನು ಕಂಡ ರುಕ್ಮಿಣೀದೇವಿಯವರು ಬ್ಯಾಲೆಯನ್ನು ಕಲಿಯತೊಡಗಿದಾಗ, ಸ್ವದೇಶದ ಕಲೆಯ ಕಡೆಗೆ ನೋಡುವಂತೆ ಅವಳೇ ಪ್ರೇರಿಸಿದಳು. ಅವರು 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಭರತನಾಟ್ಯಕ್ಕೆ ಅಲ್ಲಿ ರೂಢಿಗೊಂಡ ಹೊಲಿದ ಉಡುಪಿನ ನೆರಿಗೆಯು ನರ್ತಕಿಯು ಅರೆಮಂಡಿಯಲ್ಲಿ ಕೆಳಗಿಳಿದಾಗ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಟುಟುವು ಅರಳುವುದು ನೆಲವನ್ನು ಬಿಟ್ಟಾಗ. ಇದು ಅರಳುವುದು ನೆಲಕ್ಕೆ ಸಮೀಪಿಸಿದಾಗ. ಒಂದರ ಸೊಗಸನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುವವರು ಎರಡನ್ನೂ ಕಾಣರು.

ಟುಟು ತೊಟ್ಟವಳ ಪಾದವು ನೆಲವನ್ನು ಮುಟ್ಟಿಯೇ ಇದೆಯೆಂಬುದನ್ನು ತೋರಿಸಿದವನು ಎದ್‌ಗಾರ್ ದೆಗಾ. ಅವನು 1881ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ‘ಹದಿನಾಲ್ಕು ವಯಸ್ಸಿನ ಪುಟ್ಟ ನರ್ತಕಿ’ಯು ಮೇಣದ ಪ್ರತಿಮೆ, ಕೂದಲು ನಿಜವಾದುದು, ಲಂಗವೂ ನಿಜವಾದ ಬಟ್ಟೆಯದು. ರೂಪದರ್ಶಿಯಾಗಿ ನಿಂತವಳು ಆಪೆರಾದ ಶಾಲೆಯಲ್ಲಿದ್ದ ಮರೀ ವಾನ್ ಗೋಥೆಮ್, ಅಗಸಗಿತ್ತಿಯೊಬ್ಬಳ ಮಗಳು. ಗಲ್ಲವನ್ನೆತ್ತಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ದಣಿದು ನಿಂತ ಆ ಹುಡುಗಿಯನ್ನು ಅಂದಿನ ಪ್ರೇಕ್ಷಕರು ಕುರೂಪವೆಂದು ಹಳಿದರು. ಮರುವರ್ಷ ಆಪೆರಾದವರು ಅವಳನ್ನು ಕೆಲಸದಿಂದ ತೆಗೆದರು. ದೆಗಾ 1917ರಲ್ಲಿ ತೀರಿಕೊಂಡ ತರುವಾಯ ಆ ಪ್ರತಿಮೆಯನ್ನು ಕಂಚಿನಲ್ಲಿ ಎರಕಹೊಯ್ದರು. ಆ ಪ್ರತಿಗಳು ಹಲವು ದೇಶಗಳ ಸಂಗ್ರಹಾಲಯಗಳಲ್ಲಿವೆ. ಕಂಚು ಹಾಗೆಯೇ ಉಳಿದಿದೆ. ಬಟ್ಟೆ ಮಾತ್ರ ಜೀರ್ಣವಾಗುತ್ತದೆ. ಹಲವೆಡೆ ಅದನ್ನು ಬದಲಾಯಿಸಿ ಹೊಸದನ್ನು ಹೊಲಿಸಿ ತೊಡಿಸಿದ್ದಾರೆ. ಆ ಲಂಗವು ಎಷ್ಟು ಉದ್ದವಿರಬೇಕೆಂಬ ವಿಷಯದಲ್ಲಿ ಸಂಗ್ರಹಾಲಯಗಳವರಿಗೆ ಒಮ್ಮತವಿಲ್ಲ.