ಮನೆಯ ಬಿಯರಿನ ಗುಳ್ಳೆ ಮತ್ತು ರುಚಿ: ರಸಿಕರಿಗೊಂದು ಕೈಪಿಡಿ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಗೆಳೆಯರ ಮನೆಯಲ್ಲಿ ಲೇಬಲ್ಲಿಲ್ಲದ ಕಂದು ಬಾಟಲಿಯೊಂದು ಎದುರಾದರೆ ಅಚ್ಚರಿಯಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಅಲ್ಲಿ ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ ಬಯಲಿಗೆ ಬಂತು. (ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಈ ಮಾತು ಅನುಮತಿ ಇರುವ ನಾಡಿನವರಿಗೆ.) ಬಾಟಲಿ ಕೊಟ್ಟವರು ‘ಹೇಗಿದೆ?’ ಎಂದು ಕೇಳಿಯೇ ಕೇಳುತ್ತಾರೆ. ‘ಚೆನ್ನಾಗಿದೆ’ ಎಂದುಬಿಟ್ಟರೆ ಅವರಿಗೆ ಏನೂ ದಕ್ಕುವುದಿಲ್ಲ. ಯಾವ ಹಂತದಲ್ಲಿ ಏನಾಯಿತು ಎಂದು ಗುರುತಿಸಬಲ್ಲ ನಾಲಿಗೆ ಅವರಿಗೆ ಬೇಕು. ಅಂಥ ನಾಲಿಗೆಯನ್ನು ಯಾರು ಬೇಕಾದರೂ ಪಳಗಿಸಿಕೊಳ್ಳಬಹುದು.

ಹುದುಗು ಮುಗಿದ ಬಿಯರಿಗೆ ಚೂರು ಸಕ್ಕರೆ ಬೆರೆಸಿ, ಬಾಟಲಿಗೆ ತುಂಬಿ, ಮುಚ್ಚಳ ಬಿಗಿಯುತ್ತಾರೆ. ಉಳಿದಿರುವ ಯೀಸ್ಟ್ ಆ ಸಕ್ಕರೆಯನ್ನು ತಿನ್ನುತ್ತದೆ; ಹೊರಟ ಇಂಗಾಲದ ಡೈಆಕ್ಸೈಡ್ ಹೋಗಲು ದಾರಿಯಿಲ್ಲದೆ ಬಿಯರಿನಲ್ಲೇ ಕರಗುತ್ತದೆ. ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ ಹಾಕಿದರೆ ಲೀಟರ್ ಬಿಯರಿಗೆ ಲೀಟರ್ ಅನಿಲ ಸೇರುತ್ತದೆ. ಅಮೆರಿಕದ ಪೇಲ್ ಏಲ್‌ಗೆ ಒಟ್ಟು ಎರಡೂವರೆ ಪಟ್ಟು ಅನಿಲವಿದ್ದರೆ ಹದ. ಇಂಗ್ಲೆಂಡಿನ ಬಿಟರ್‌ಗೆ ಎರಡರೊಳಗೇ ಸಾಕು. ಬವೇರಿಯದ ಗೋಧಿ ಬಿಯರು ಮೂರು ದಾಟಿದರೂ ಸರಿಯೇ. ಆದ್ದರಿಂದ ಯಾವ ಶೈಲಿಯ ಬಿಯರ್ ಎಂದು ಕೇಳದೆ ಗುಳ್ಳೆ ಹೆಚ್ಚೋ ಕಡಿಮೆಯೋ ಎಂದು ಹೇಳಬಾರದು. ಲೋಟವನ್ನೂ ನೋಡಿಕೊಳ್ಳಿ. ಎಣ್ಣೆಯ ಪಸೆ ಇದ್ದರೆ ಒಳ್ಳೆಯ ಬಿಯರಿನ ನೊರೆಯೂ ಕುಸಿಯುತ್ತದೆ, ತಪ್ಪು ಬಿಯರ್ ಮಾಡಿದವರ ತಲೆಗೆ ಬರುತ್ತದೆ. ತಳದ ಗಸಿ ಕದಡದಂತೆ ಒಂದೇ ಓಟದಲ್ಲಿ ಬಗ್ಗಿಸಿ.

ಹೊಸಬರು ಗುಳ್ಳೆಯನ್ನೊಂದು, ರುಚಿಯನ್ನೊಂದು ಎಂದು ಬೇರೆಬೇರೆಯಾಗಿ ನೋಡುತ್ತಾರೆ. ಎರಡನ್ನೂ ಕೂಡಿಸಿ ನೋಡಿದಾಗಲೇ ಕಾರಣ ಸಿಗುವುದು. ಗುಳ್ಳೆಯಿಲ್ಲ, ಜೊತೆಗೆ ಸಿಹಿಯಿದೆ ಎಂದರೆ ಯೀಸ್ಟ್ ಇನ್ನೂ ಸಕ್ಕರೆ ಮುಗಿಸಿಲ್ಲ. ಬಹುಶಃ ಬಾಟಲಿಗಳನ್ನು ತಣ್ಣಗಿನ ಜಾಗದಲ್ಲಿ ಇಟ್ಟಿದ್ದಾರೆ. 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಎರಡು ವಾರ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗುಳ್ಳೆಯೂ ಇಲ್ಲ, ಸಿಹಿಯೂ ಇಲ್ಲ ಎಂದರೆ ಅನಿಲ ಹುಟ್ಟಿ ಸೋರಿಹೋಗಿರಬಹುದು, ಮುಚ್ಚಳವನ್ನು ಪರೀಕ್ಷಿಸಬೇಕು. ನೊರೆ ಉಕ್ಕುತ್ತದೆ, ಆದರೆ ರುಚಿ ಶುದ್ಧವಾಗಿದೆ ಎಂದರೆ ಸಕ್ಕರೆ ಹೆಚ್ಚಾಗಿದೆ, ಇಲ್ಲವೇ ಹುದುಗು ಮುಗಿಯುವ ಮೊದಲೇ ತುಂಬಿದ್ದಾರೆ. ಒಂದು ಬಾಟಲಿ ಸಪ್ಪೆ, ಪಕ್ಕದ್ದು ಕಾರಂಜಿ ಎಂದಾದರೆ ಸಕ್ಕರೆ ಸಮನಾಗಿ ಬೆರೆತಿಲ್ಲ. ಉಕ್ಕಿನ ಜೊತೆ ಹುಳಿ ಅಥವಾ ಔಷಧಿಯ ವಾಸನೆ, ಬಾಯಲ್ಲಿ ನೀರುನೀರು, ವಾರದಿಂದ ವಾರಕ್ಕೆ ಏರುವ ಒತ್ತಡ, ಇಷ್ಟೂ ಕಂಡರೆ ಬೇರೆ ಸೂಕ್ಷ್ಮಜೀವಿ ಹೊಕ್ಕಿದೆ. ಬಾಟಲಿಯ ಕತ್ತಿನಲ್ಲಿ, ಬಿಯರಿನ ಮಟ್ಟಕ್ಕೆ ಸರಿಯಾಗಿ ಉಂಗುರದಂಥ ಕಲೆ ಇದೆಯೇ ನೋಡಿ. ಕೆಟ್ಟ ಬಿಯರಿನಲ್ಲಿ ಯೀಸ್ಟಲ್ಲದ ಜೀವಿಗಳಿರುತ್ತವೆ ಎಂದು ಲೂಯಿ ಪಾಸ್ಚರ್ 1876ರ ತಮ್ಮ ಪುಸ್ತಕದಲ್ಲೇ ಸೂಕ್ಷ್ಮದರ್ಶಕದ ಸಾಕ್ಷಿಯೊಂದಿಗೆ ವಿವರಿಸಿದ್ದರು. ಇಂಥ ಬಾಟಲಿ ಸಿಡಿದು ಗಾಜು ಚಿಮ್ಮಬಹುದು. ಮೊದಲು ಚೆನ್ನಾಗಿ ತಣ್ಣಗಾಗಿಸಿ, ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ತೆರೆಯಬೇಕು.

ಇನ್ನು ವಾಸನೆಗಳು. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್. ಬೆಣ್ಣೆಗೆ ಪರಿಮಳ ಕೊಡುವುದೂ ಅದೇ ವಸ್ತು. ಹುದುಗಿನ ಕಾಲದಲ್ಲಿ ಅದು ಹುಟ್ಟುವುದು ಸಹಜ. ಕೊನೆಗೆ ಕೆಲವು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟೇ ಅದನ್ನು ಮರಳಿ ಹೀರಿಕೊಳ್ಳುತ್ತದೆ, ಅವಸರ ಮಾಡಿದರೆ ಉಳಿದುಬಿಡುತ್ತದೆ. ಹಸಿರು ಸೇಬಿನ ವಾಸನೆ ಅಸಿಟಾಲ್ಡಿಹೈಡ್‌ನದು; ಸಾಮಾನ್ಯವಾಗಿ ಬಿಯರ್ ಇನ್ನೂ ಎಳೆಯದು ಎಂದರ್ಥ, ಕಾಯಬೇಕು. ಒದ್ದೆ ರಟ್ಟಿನ ವಾಸನೆಯಾದರೆ ತುಂಬುವಾಗ ಗಾಳಿ ಸೇರಿದೆ. ಕಾದಷ್ಟೂ ಕೆಡುತ್ತದೆ, ಬೇಗ ಕುಡಿದು ಮುಗಿಸಬೇಕು. ಒಂದಕ್ಕೆ ತಾಳ್ಮೆ, ಇನ್ನೊಂದಕ್ಕೆ ಅವಸರ. ಇವೆರಡನ್ನು ಬಿಡಿಸಿ ಹೇಳಬಲ್ಲ ರಸಿಕರು ಮಾಡಿದವರಿಗೆ ನಿಜವಾಗಿ ನೆರವಾಗುತ್ತಾರೆ.

ಬಿಸಿಲು ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶವನ್ನು ಒಡೆದು ಸ್ಕಂಕ್ ಪ್ರಾಣಿಯ ನಾತ ತರುತ್ತದೆ. ಕಂದು ಬಾಟಲಿ ಬಳಸುವುದು ಇದಕ್ಕಾಗಿಯೇ. ಕಲಿಯಲು ಒಂದೇ ಬಿಯರನ್ನು ಎರಡು ಲೋಟಕ್ಕೆ ಹಾಕಿ, ಒಂದನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಎರಡನ್ನೂ ಮೂಸಿ ನೋಡಿ; ಮತ್ತೆ ಮರೆಯುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ಉಳಿದಿದ್ದರೆ ಬ್ಯಾಂಡ್‌ಏಡಿನ ವಾಸನೆ ಬರುತ್ತದೆ.

ಎಲ್ಲ ವಿಚಿತ್ರ ವಾಸನೆಯೂ ದೋಷವಲ್ಲ ಎಂಬುದು ಮಾತ್ರ ನೆನಪಿರಲಿ. ಬಾಳೆಹಣ್ಣು, ಲವಂಗದ ಪರಿಮಳ ಲಾಗರ್‌ನಲ್ಲಿ ತಪ್ಪು, ಬವೇರಿಯದ ಗೋಧಿ ಬಿಯರಿಗೆ ಅದೇ ಶೋಭೆ. ಬೆಲ್ಜಿಯಂನ ಓರ್ವಲ್ ಮಠದವರು ಇತರರು ಹೆದರುವ ಬ್ರೆಟನೊಮೈಸಿಸ್ ಯೀಸ್ಟನ್ನು ಬೇಕೆಂದೇ ಸೇರಿಸುತ್ತಾರೆ.

ಹಾಗಾಗಿ ಅಭಿಪ್ರಾಯ ಹೇಳುವಾಗ ಮೊದಲು ಮೂಗಿಗೆ ಬಂದದ್ದನ್ನು ಹೇಳಿ, ಆಮೇಲೆ ಗುಳ್ಳೆಯ ಸಂಗತಿ, ಕೊನೆಗೆ ನಿಮ್ಮ ಊಹೆ. ಒಂದೇ ಬಾಟಲಿಯಿಂದ ತೀರ್ಪು ಕೊಡಬೇಡಿ. ಅದೇ ಸಲ ತುಂಬಿದ ಇನ್ನೊಂದನ್ನು ತೆರೆಯಲು ಕೇಳಿ.